ಬೇಸಾಯದ ಲೆಕ್ಕ: ಕೈಯಲ್ಲಿ ಉಳಿದ ಹಣವೇ ಲಾಭವೆ?

ವ್ಯವಸಾಯವು ಜೀವನೋಪಾಯವಾಗಿರುವಂತೆಯೇ ಒಂದು ವ್ಯಾಪಾರವೂ ಆಗಿದೆ. ಅಂಗಡಿಯವನು ಸಂಜೆ ಬಾಗಿಲು ಹಾಕುವ ಮುನ್ನ ತನ್ನ ಗಲ್ಲೆಯನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ಆ ಬಳಿಕ ಮನೆಗೆ ಹೋಗುತ್ತಾನೆ. ಅವನಿಗಿಂತ ಹೆಚ್ಚಿನ ಬಂಡವಾಳವನ್ನು ಹೊಲಗದ್ದೆಗಳಲ್ಲಿ ತೊಡಗಿಸಿರುವ ಜಮೀನುದಾರರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಲೆಕ್ಕ ನೋಡುವುದಿಲ್ಲವೆಂಬುದು ಶೋಚನೀಯವಾದ ಸಂಗತಿ. ಕೃಷಿಯ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲದಿರುವುದರಿಂದ ಲೆಕ್ಕವನ್ನು ಕೇಳುವವರೂ ಇಲ್ಲವೆಂದು ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. ಆದರೆ ಲೆಕ್ಕವು ತೆರಿಗೆಯ ಅಧಿಕಾರಿಗಾಗಿ ಇರುವುದಲ್ಲ; ಅದು ಒಡೆಯನ ಕಣ್ಣು. ಆ ಕಣ್ಣಿಲ್ಲದೆ ನಡೆದ ಮನೆತನಗಳು ತಮಗೆ ತಿಳಿಯದಂತೆಯೇ ಬಂಡವಾಳವನ್ನು ಉಂಡು, ಕೊನೆಗೆ ಹೊಲವನ್ನೇ ಮಾರಬೇಕಾಗಿ ಬರುವುದು ಅಪರೂಪವಲ್ಲ.

ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಶಾಂತಿಗ್ರಾಮವು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲಾದೇವಿಯ ಹೆಸರಿನೊಡನೆ ಸೇರಿಕೊಂಡಿರುವ ಪ್ರಾಚೀನ ಗ್ರಾಮ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ, ಕೊಟ್ಟ ಗದ್ದೆ ಬೆದ್ದಲುಗಳ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಸಲ್ಲಬೇಕಾದ ಗದ್ಯಾಣ, ದೀಪಕ್ಕೂ ನೈವೇದ್ಯಕ್ಕೂ ಗೊತ್ತುಮಾಡಿದ ಭಾಗ, ಇವೆಲ್ಲವೂ ಎಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಬರೆಯಲ್ಪಟ್ಟಿವೆ ಎಂಬುದು ತಿಳಿದೇ ಇದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿಯು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಕೌಟಿಲ್ಯನ ಅರ್ಥಶಾಸ್ತ್ರವು ಲೆಕ್ಕದ ಕಚೇರಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಆಷಾಢ ಮಾಸದಲ್ಲಿ ಸಾಲಿಯಾನ ಲೆಕ್ಕವನ್ನು ಒಪ್ಪಿಸತಕ್ಕದ್ದೆಂದು ವಿಧಿಸಿದೆ. ಕೊಡುವ ಕೈ, ಪಡೆಯುವ ಕೈ ಎರಡನ್ನೂ ಬರೆಯುವ ಇಮ್ಮಡಿ ಬರವಣಿಗೆಯ ಕ್ರಮವನ್ನು ಇಟಲಿಯ ಲೂಕಾ ಪಾಚೋಲಿಯು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಆದುದರಿಂದ ಲೆಕ್ಕವೆಂಬುದು ಪಟ್ಟಣದವರಿಗೆ ಮಾತ್ರ ಸೇರಿದ ವಿದ್ಯೆಯೆಂದು ಭಾವಿಸಲು ಕಾರಣವಿಲ್ಲ. ಕೂಡುವುದು ಕಳೆಯುವುದು ಬಲ್ಲವರೆಲ್ಲರೂ ಇದನ್ನು ಕಲಿಯಬಹುದು.

ಈ ಸೀಮೆಯ ಬೇಸಾಯಕ್ಕೆ ಹೊಂದುವ ಒಂದು ಸಮಸ್ಯೆಯನ್ನು ತೆಗೆದುಕೊಂಡು, ಆದಿಯಿಂದ ಅಂತ್ಯದವರೆಗೆ ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ. ಇಲ್ಲಿಯ ಅಂಕಿಗಳು ಎಣಿಕೆಗೆ ಸುಲಭವಾಗಲೆಂದು ಕಲ್ಪಿಸಿದವುಗಳೇ ಹೊರತು ಪೇಟೆಯ ಧಾರಣೆಗಳಲ್ಲ.

ಮೊದಲನೆಯ ಕೆಲಸ: ಆಸ್ತಿ ಮತ್ತು ಹೊಣೆಗಳ ಪಟ್ಟಿ

ಶಾಂತಿಗ್ರಾಮ ಹೋಬಳಿಯಲ್ಲಿ 3 ಎಕರೆ ಜಮೀನುಳ್ಳ ಒಬ್ಬ ಬೇಸಾಯಗಾರನು ಏಪ್ರಿಲ್ 1ರಂದು ಲೆಕ್ಕವನ್ನು ಆರಂಭಿಸುತ್ತಾನೆಂದು ಭಾವಿಸೋಣ. ಮೊದಲು ತನಗೆ ಏನಿದೆ, ತಾನು ಏನು ಕೊಡಬೇಕಾಗಿದೆ ಎಂಬುದನ್ನು ಅವನು ಬರೆದುಕೊಳ್ಳಬೇಕು. ಜಮೀನು ಮತ್ತು ಮನೆ ವರ್ಷದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಅವೇ ಆಗಿರುವುದರಿಂದ ಅವುಗಳ ಬೆಲೆಯನ್ನು ಇಲ್ಲಿ ಬಿಟ್ಟಿದೆ.

ಆಸ್ತಿ:
ಕೈಯಲ್ಲಿರುವ ನಗದು: ರೂ. 20,000
ಕಣಜದ ರಾಗಿ 10 ಕ್ವಿಂಟಾಲ್, ದರ ರೂ. 3,000: ರೂ. 30,000
ಒಂದು ಜೊತೆ ಎತ್ತು: ರೂ. 80,000
ಹಸು: ರೂ. 50,000
ನೀರೆತ್ತುವ ಪಂಪು: ರೂ. 40,000
ಒಟ್ಟು: ರೂ. 2,20,000

ಹೊಣೆ:
ಬ್ಯಾಂಕಿನ ಸಾಲ: ರೂ. 60,000
ಗೊಬ್ಬರದ ಅಂಗಡಿಯ ಬಾಕಿ: ರೂ. 10,000
ಒಟ್ಟು: ರೂ. 70,000

ಆಸ್ತಿಯಿಂದ ಹೊಣೆಯನ್ನು ಕಳೆದರೆ ಉಳಿಯುವ ರೂ. 1,50,000 ಅವನ ಸ್ವಂತ ಬಂಡವಾಳ. ಲೆಕ್ಕಶಾಸ್ತ್ರವೆಲ್ಲವೂ ಈ ಒಂದು ಸಮೀಕರಣದ ಮೇಲೆ ನಿಂತಿದೆ: ಆಸ್ತಿಯು ಹೊಣೆ ಮತ್ತು ಬಂಡವಾಳಗಳ ಮೊತ್ತಕ್ಕೆ ಸದಾ ಸಮನಾಗಿರುತ್ತದೆ. ಎತ್ತಿನ ಜೊತೆಯನ್ನು ಕಟ್ಟಿರುವವನೆಲ್ಲ ಅದರ ಪೂರ್ಣ ಒಡೆಯನಲ್ಲ. ಸಾಲ ಕೊಟ್ಟವನಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಈ ಪಟ್ಟಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಎರಡನೆಯ ಕೆಲಸ: ರೋಕಡ ಪುಸ್ತಕ

ಈ ಬೇಸಾಯಗಾರನು ಮುಂಗಾರಿನಲ್ಲಿ 1 ಎಕರೆ ಆಲೂಗಡ್ಡೆಯನ್ನೂ 2 ಎಕರೆ ರಾಗಿಯನ್ನೂ ಬೆಳೆದು, ಹಾಲನ್ನು ಡೇರಿಗೆ ಹಾಕುತ್ತಾನೆ. ಆಲೂಗಡ್ಡೆಯ ಬಿತ್ತನೆ ಗೆಡ್ಡೆ 6 ಕ್ವಿಂಟಾಲನ್ನು ರೂ. 15,000ಕ್ಕೆ ಅಂಗಡಿಯಿಂದ ಕಡವಾಗಿ ತಂದನು. ವರ್ಷದ ಕೊನೆಯವರೆಗೂ ಆ ಹಣವನ್ನು ಕೊಡಲಿಲ್ಲ. 50 ಕ್ವಿಂಟಾಲ್ ಗೆಡ್ಡೆ ಬಂದು, ಕ್ವಿಂಟಾಲಿಗೆ ರೂ. 1,200ರಂತೆ ಮಾರಾಟವಾಯಿತು. ರಾಗಿಯು 20 ಕ್ವಿಂಟಾಲ್ ಬಂದಿತು. ಅದರಲ್ಲಿ 12 ಕ್ವಿಂಟಾಲನ್ನು ರೂ. 3,000ರಂತೆ ಮಾರಿ, 8 ಕ್ವಿಂಟಾಲನ್ನು ಕಣಜಕ್ಕೆ ತುಂಬಿದನು. ಹಳೆಯ ರಾಗಿಯಲ್ಲಿ 8 ಕ್ವಿಂಟಾಲ್ ಮನೆಯ ಊಟಕ್ಕೆ ಖರ್ಚಾಯಿತು. ಮಾರ್ಚ್ 31ರವರೆಗಿನ ನಗದು ವ್ಯವಹಾರ ಹೀಗಿರುತ್ತದೆ.

ಜಮೆ:
ಆರಂಭದ ಶಿಲ್ಕು: ರೂ. 20,000
ಆಲೂಗಡ್ಡೆಯ ಮಾರಾಟ: ರೂ. 60,000
ರಾಗಿಯ ಮಾರಾಟ: ರೂ. 36,000
ಹಾಲಿನ ಹಣ: ರೂ. 45,000
ಒಟ್ಟು: ರೂ. 1,61,000

ಖರ್ಚು:
ಆಲೂಗಡ್ಡೆಗೆ ಗೊಬ್ಬರ ರೂ. 6,000, ಔಷಧಿ ರೂ. 5,000, ಕೂಲಿ ರೂ. 14,000, ಚೀಲ ಮತ್ತು ಸಾಗಣೆ ರೂ. 4,000: ಸೇರಿ ರೂ. 29,000
ರಾಗಿಗೆ ಬೀಜ, ಗೊಬ್ಬರ, ಕೂಲಿ: ರೂ. 16,000
ಹಿಂಡಿ ಮತ್ತು ಮೇವು: ರೂ. 25,000
ಸಂಸಾರದ ಖರ್ಚು: ರೂ. 40,000
ಸಾಲದ ಬಡ್ಡಿ: ರೂ. 6,000
ಸಾಲದ ಅಸಲಿಗೆ ಕಟ್ಟಿದ್ದು: ರೂ. 20,000
ಅಂಗಡಿಯ ಹಳೆಯ ಬಾಕಿ: ರೂ. 10,000
ಔಷಧಿ ಸಿಂಪಡಿಸುವ ಯಂತ್ರ: ರೂ. 8,000
ಒಟ್ಟು: ರೂ. 1,54,000
ವರ್ಷಾಂತ್ಯದ ಶಿಲ್ಕು: ರೂ. 7,000

ಆರಂಭದಲ್ಲಿ ರೂ. 20,000 ಇದ್ದ ಗಂಟು ಈಗ ರೂ. 7,000ಕ್ಕೆ ಇಳಿದಿದೆ. ಇಷ್ಟನ್ನೇ ನೋಡಿದವನು ತನಗೆ ರೂ. 13,000 ನಷ್ಟವಾಯಿತೆಂದು ನಿಟ್ಟುಸಿರು ಬಿಡುತ್ತಾನೆ. ಮತ್ತೊಬ್ಬನು ಆಲೂಗಡ್ಡೆಗೆ ಕೈಯಿಂದ ಕೊಟ್ಟದ್ದು ರೂ. 29,000, ಬಂದದ್ದು ರೂ. 60,000, ಆದುದರಿಂದ ರೂ. 31,000 ಲಾಭವೆಂದು ಮೀಸೆ ತಿರುವುತ್ತಾನೆ. ಇಬ್ಬರ ಎಣಿಕೆಯೂ ತಪ್ಪು. ಹೇಗೆಂಬುದನ್ನು ಮುಂದೆ ನೋಡಬಹುದು.

ಡೇರಿಯ ಹಾಲಿನ ಹಣವನ್ನು ಬರೆಯುವಾಗ ಒಂದು ಎಚ್ಚರಿಕೆ ಬೇಕು. ಸಂಘದವರು ಹಿಂಡಿಯ ಬೆಲೆಯನ್ನು ಮುರಿದುಕೊಂಡು ಉಳಿದುದನ್ನು ಕೊಡುವ ರೂಢಿಯಿರುವಲ್ಲಿ, ಕೈಗೆ ಬಂದುದನ್ನು ಮಾತ್ರ ಬರೆಯಬಾರದು. ರೂ. 4,000 ಹಾಲಿಗೆ ರೂ. 1,500 ಹಿಂಡಿಯ ಬಾಬು ಕಳೆದು ರೂ. 2,500 ಕೊಟ್ಟರೆ, ಜಮೆಯಲ್ಲಿ ರೂ. 4,000, ಖರ್ಚಿನಲ್ಲಿ ರೂ. 1,500 ಎಂದು ಎರಡೂ ಕಡೆ ಬರೆಯತಕ್ಕದ್ದು. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು ಹರಾಜಿನ ಹಣದಿಂದ ಸಾಲ ಮುರಿದುಕೊಂಡ ರಸೀತಿಯನ್ನು ಬರೆಯುವಾಗಲೂ ಇದೇ ಕ್ರಮವನ್ನು ಅನುಸರಿಸಬೇಕು. ಇಲ್ಲದಿದ್ದರೆ ಬೆಳೆಯು ಎಷ್ಟು ತಂದಿತು, ಸಾಲ ಎಷ್ಟು ತೀರಿತು ಎಂಬುದು ಎಂದಿಗೂ ತಿಳಿಯದು.

ಮೂರನೆಯ ಕೆಲಸ: ಖಾತೆಗಳು ಮತ್ತು ತಾಳೆಪಟ್ಟಿ

ರೋಕಡ ಪುಸ್ತಕದಲ್ಲಿ ನಗದು ಮಾತ್ರ ಕಾಣುತ್ತದೆ. ಕಡವಾಗಿ ತಂದ ಬಿತ್ತನೆ ಅಲ್ಲಿ ಕಾಣುವುದಿಲ್ಲ. ಆದುದರಿಂದ ಪ್ರತಿಯೊಂದು ಬೆಳೆಗೂ, ಕೊಡುಕೊಳ್ಳುವ ಪ್ರತಿಯೊಬ್ಬನಿಗೂ ಒಂದೊಂದು ಹಾಳೆಯ ಖಾತೆಯಿರಬೇಕು. ಪ್ರತಿ ವ್ಯವಹಾರಕ್ಕೂ ಎರಡು ಮುಖಗಳಿವೆ. ಬಿತ್ತನೆಯನ್ನು ಪಡೆದದ್ದು ಆಲೂಗಡ್ಡೆಯ ಹೊಲ, ಕೊಟ್ಟದ್ದು ಅಂಗಡಿ. ಪಡೆದವನ ಖಾತೆಗೆ ಖರ್ಚು, ಕೊಟ್ಟವನ ಖಾತೆಗೆ ಜಮೆ ಎಂಬುದು ಸೂತ್ರ. ಹಾಗೆ ಆಲೂಗಡ್ಡೆಯ ಖಾತೆಗೆ ರೂ. 15,000 ಖರ್ಚನ್ನೂ ಅಂಗಡಿಯ ಖಾತೆಗೆ ರೂ. 15,000 ಜಮೆಯನ್ನೂ ಬರೆಯಬೇಕು.

ಎಲ್ಲವನ್ನೂ ಹೀಗೆ ಎರಡು ಕಡೆ ಬರೆದವನಿಗೆ ವರ್ಷದ ಕೊನೆಯಲ್ಲಿ ಒಂದು ಪರೀಕ್ಷೆ ದೊರೆಯುತ್ತದೆ. ಖಾತೆಗಳ ಬಾಕಿಗಳನ್ನು ಎರಡು ಸಾಲಾಗಿ ಜೋಡಿಸಿದರೆ ಮೊತ್ತಗಳು ತಾಳೆಯಾಗಬೇಕು.

ಖರ್ಚಿನ ಬಾಕಿಗಳು: ನಗದು 7,000, ಆರಂಭದ ರಾಗಿ 30,000, ಎತ್ತು 80,000, ಹಸು 50,000, ಪಂಪು 40,000, ಸಿಂಪಡಿಸುವ ಯಂತ್ರ 8,000, ಆಲೂಗಡ್ಡೆಯ ಖರ್ಚು 44,000, ರಾಗಿಯ ಖರ್ಚು 16,000, ಹಿಂಡಿ ಮೇವು 25,000, ಬಡ್ಡಿ 6,000, ಸಂಸಾರ 40,000. ಒಟ್ಟು ರೂ. 3,46,000.

ಜಮೆಯ ಬಾಕಿಗಳು: ಬಂಡವಾಳ 1,50,000, ಬ್ಯಾಂಕಿನ ಸಾಲ 40,000, ಅಂಗಡಿ 15,000, ಆಲೂಗಡ್ಡೆಯ ಮಾರಾಟ 60,000, ರಾಗಿಯ ಮಾರಾಟ 36,000, ಹಾಲು 45,000. ಒಟ್ಟು ರೂ. 3,46,000.

ತಾಳೆಯಾಗದಿದ್ದರೆ ಎದೆಗುಂದಬೇಕಾಗಿಲ್ಲ. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ, ಅಂಕಿಗಳು ಹಿಂದುಮುಂದಾಗಿರಬಹುದು. 5,400 ಎಂಬುದನ್ನು 4,500 ಎಂದು ಬರೆದರೆ ವ್ಯತ್ಯಾಸ 900 ಆಗುತ್ತದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಬಾಬು ಯಾವುದಾದರೂ ಇದ್ದರೆ, ಅದು ಜಮೆಗೆ ಬದಲು ಖರ್ಚಿನ ಕಡೆ ಸೇರಿರಬಹುದು. ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕವು ಸರಿಯೆಂದು ಹೇಳಲಾಗದು. ಬರೆಯದೇ ಬಿಟ್ಟ ವ್ಯವಹಾರವನ್ನು ತಾಳೆಪಟ್ಟಿಯು ತೋರಿಸಲಾರದು. ಒಂದು ಬೆಳೆಯ ಖರ್ಚು ಮತ್ತೊಂದರ ಖಾತೆಗೆ ಹೋದುದನ್ನೂ ತೋರಿಸಲಾರದು.

ನಾಲ್ಕನೆಯ ಕೆಲಸ: ಲಾಭ ನಷ್ಟದ ತಖ್ತೆ

ಲಾಭವನ್ನು ಕಂಡುಹಿಡಿಯುವಾಗ ನಾಲ್ಕು ಭೇದಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಸಾಲದ ಅಸಲನ್ನು ಕಟ್ಟಿದ್ದು ಖರ್ಚಲ್ಲ. ಹೊಣೆ ಇಳಿಯಿತು, ಅಷ್ಟೆ. ಬಡ್ಡಿಯು ಮಾತ್ರ ಖರ್ಚು. ಎರಡನೆಯದಾಗಿ, ಹಲವು ವರ್ಷ ಬಾಳುವ ಯಂತ್ರದ ಬೆಲೆಯೆಲ್ಲವೂ ಒಂದೇ ವರ್ಷದ ಖರ್ಚಲ್ಲ. ಸವಕಳಿ ಮಾತ್ರ ಆ ವರ್ಷಕ್ಕೆ ಸೇರುತ್ತದೆ. ಮೂರನೆಯದಾಗಿ, ಕಣಜದಲ್ಲಿ ಉಳಿದ ಧಾನ್ಯವೂ ಮನೆಯಲ್ಲಿ ಉಂಡ ಧಾನ್ಯವೂ ಬೆಳೆಯ ಉತ್ಪನ್ನವೇ. ನಾಲ್ಕನೆಯದಾಗಿ, ಸಂಸಾರದ ಖರ್ಚು ಬೇಸಾಯದ ಖರ್ಚಲ್ಲ. ಅದು ಒಡೆಯನು ಬಂಡವಾಳದಿಂದ ತೆಗೆದುಕೊಂಡದ್ದು.

ಸಿಂಪಡಿಸುವ ಯಂತ್ರವು 4 ವರ್ಷ ಬಾಳಿದರೆ ವರ್ಷಕ್ಕೆ ರೂ. 2,000 ಸವಕಳಿ. ಪಂಪು ಇನ್ನು 8 ವರ್ಷ ನಡೆದರೆ ವರ್ಷಕ್ಕೆ ರೂ. 5,000. ಎತ್ತುಗಳನ್ನು 8 ವರ್ಷ ದುಡಿಸಿದ ಮೇಲೆ ರೂ. 40,000ಕ್ಕೆ ಮಾರಬಹುದಾದರೆ, ಕಡಮೆಯಾಗುವ ರೂ. 40,000ವನ್ನು 8 ವರ್ಷಕ್ಕೆ ಹಂಚಿದಾಗ ವರ್ಷಕ್ಕೆ ರೂ. 5,000. ಹಸುವಿಗೆ ವಯಸ್ಸಿನಿಂದ ಇಳಿದ ಬೆಲೆಯನ್ನು ಅದರ ಕರುವು ತುಂಬಿಕೊಟ್ಟಿತೆಂದು ಎಣಿಸಿ, ಎರಡನ್ನೂ ಸೇರಿಸಿ ರೂ. 50,000 ಎಂದೇ ಇಟ್ಟಿದೆ. ಒಟ್ಟು ಸವಕಳಿ ರೂ. 12,000.

ಉತ್ಪನ್ನ:
ಆಲೂಗಡ್ಡೆ: ರೂ. 60,000
ರಾಗಿ 20 ಕ್ವಿಂಟಾಲ್: ರೂ. 60,000
ಹಾಲು: ರೂ. 45,000
ಒಟ್ಟು: ರೂ. 1,65,000

ಖರ್ಚು:
ಆಲೂಗಡ್ಡೆ, ಬಿತ್ತನೆ ಸೇರಿ: ರೂ. 44,000
ರಾಗಿ: ರೂ. 16,000
ಹಿಂಡಿ ಮೇವು: ರೂ. 25,000
ಬಡ್ಡಿ: ರೂ. 6,000
ಸವಕಳಿ: ರೂ. 12,000
ಒಟ್ಟು: ರೂ. 1,03,000
ನಿವ್ವಳ ಲಾಭ: ರೂ. 62,000

ಕೈಯ ಗಂಟು ರೂ. 13,000 ಇಳಿದಿದ್ದರೂ ಬೇಸಾಯವು ರೂ. 62,000 ಗಳಿಸಿದೆ. ಆದರೆ ಸಂತೋಷಪಡುವ ಮುನ್ನ ಮತ್ತೊಂದು ಹೆಜ್ಜೆ ಇಡಬೇಕು. ಸಂಸಾರಕ್ಕೆ ನಗದಾಗಿ ರೂ. 40,000, ರಾಗಿಯ ರೂಪದಲ್ಲಿ ರೂ. 24,000, ಸೇರಿ ರೂ. 64,000 ಹೋಗಿದೆ. ಗಳಿಸಿದ್ದಕ್ಕಿಂತ ರೂ. 2,000 ಹೆಚ್ಚಾಗಿ ಉಂಡದ್ದರಿಂದ ಬಂಡವಾಳವು ರೂ. 1,48,000ಕ್ಕೆ ಇಳಿದಿರಬೇಕು.

ಇದನ್ನು ವರ್ಷಾಂತ್ಯದ ಅಢಾವೆ ಪತ್ರಿಕೆಯಿಂದ ಪರೀಕ್ಷಿಸಬಹುದು. ಆಸ್ತಿಗಳು: ನಗದು 7,000, ರಾಗಿ 10 ಕ್ವಿಂಟಾಲ್ 30,000, ಎತ್ತು 75,000, ಹಸು ಕರು 50,000, ಪಂಪು 35,000, ಸಿಂಪಡಿಸುವ ಯಂತ್ರ 6,000, ಒಟ್ಟು ರೂ. 2,03,000. ಹೊಣೆಗಳು: ಬ್ಯಾಂಕು 40,000, ಅಂಗಡಿ 15,000, ಒಟ್ಟು ರೂ. 55,000. ಉಳಿದದ್ದು ರೂ. 1,48,000. ಎರಡು ದಾರಿಗಳಲ್ಲಿ ನಡೆದು ಒಂದೇ ಬಾಗಿಲಿಗೆ ಬಂದಂತಾಯಿತು.

ಲೆಕ್ಕವು ಹೇಳುವ ಮಾತು

ಸಾಲ ಇಳಿದಿರುವಾಗಲೂ ಬಂಡವಾಳ ಕರಗಿರಬಹುದು ಎಂಬುದು ಮೇಲಿನ ಉದಾಹರಣೆಯ ಮೊದಲನೆಯ ಪಾಠ. ರೂ. 2,000 ಅಲ್ಪವೆಂದು ತೋರಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯಿದೆ. ದುಡಿದು ಉಣ್ಣುವವನಿಗೂ ಅಳತೆ ತಪ್ಪಿದರೆ ಅದೇ ಗತಿ. ಒಂದು ಮದುವೆಯಾಗಲಿ, ಒಂದು ಕಾಯಿಲೆಯಾಗಲಿ ಬಂದ ವರ್ಷದಲ್ಲಿ ಈ ಸಂಖ್ಯೆಯ ಮುಂದೆ ಸೊನ್ನೆಗಳು ಸೇರುತ್ತವೆ.

ಎರಡನೆಯ ಪಾಠವು ಇನ್ನೂ ಕಠಿಣವಾದುದು. ಮನೆಯ ಇಬ್ಬರು ತಲಾ 100 ದಿನ ಹೊಲದಲ್ಲಿ ದುಡಿದಿದ್ದರೆ, ದಿನಕ್ಕೆ ರೂ. 300ರಂತೆ ಅವರ ಕೂಲಿ ರೂ. 60,000 ಆಗುತ್ತದೆ. ಆಗ ಒಂದೂವರೆ ಲಕ್ಷದ ಬಂಡವಾಳಕ್ಕೂ 3 ಎಕರೆ ಭೂಮಿಗೂ ದೊರೆತ ಪ್ರತಿಫಲ ರೂ. 2,000 ಮಾತ್ರ. ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಲಾಭವೆಂದು ಹೇಳಿಕೊಳ್ಳುವ ಮನೆತನಗಳು ಈ ಬಾಬನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ಬೆಳೆಗಳ ಹೋಲಿಕೆ. ಆಲೂಗಡ್ಡೆ ಒಂದೇ ಸಲಕ್ಕೆ ರೂ. 60,000 ತಂದುಕೊಟ್ಟುದರಿಂದ ಅದೇ ಮನೆಯನ್ನು ಉಳಿಸಿತೆಂದು ತೋರುತ್ತದೆ. ಆದರೆ ಖರ್ಚು ಕಳೆದು ಎಕರೆಗೆ ಉಳಿದದ್ದು ರೂ. 16,000; ಸಿಂಪಡಿಸುವ ಯಂತ್ರದ ಸವಕಳಿಯನ್ನೂ ಅದಕ್ಕೇ ಹಾಕಿದರೆ ರೂ. 14,000. ರಾಗಿಯು ಎಕರೆಗೆ ರೂ. 22,000 ಉಳಿಸಿದೆ. ಒಂದು ವರ್ಷದ ಧಾರಣೆಯಿಂದಲೇ ಆಲೂಗಡ್ಡೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಬೆಲೆ ಕ್ವಿಂಟಾಲಿಗೆ ರೂ. 1,800 ಇದ್ದಿದ್ದರೆ ಅದೇ ಎಕರೆ ರೂ. 44,000 ಉಳಿಸುತ್ತಿತ್ತು. ಖರ್ಚು ಹುಟ್ಟುವ ಬೆಲೆ ಯಾವುದೆಂದು ತಿಳಿದಿರುವುದು ಮುಖ್ಯ. ರೂ. 46,000ವನ್ನು 50 ಕ್ವಿಂಟಾಲಿಗೆ ಹಂಚಿದರೆ ರೂ. 920. ಪೇಟೆಯಲ್ಲಿ ಇದಕ್ಕಿಂತ ಕಡಮೆ ಕೇಳಿದರೆ ನಷ್ಟ. ಅಂಗಮಾರಿ ರೋಗವು ತಗುಲಿ 25 ಕ್ವಿಂಟಾಲೇ ಬಂದರೆ, ಖರ್ಚೆಲ್ಲ ಹಾಗೆಯೇ ಇದ್ದ ಪಕ್ಷದಲ್ಲಿ ರೂ. 1,840 ದೊರೆತರೆ ಮಾತ್ರ ಅಸಲು ಹುಟ್ಟುತ್ತದೆ. ಹಾಸನದ ಸೀಮೆಯಲ್ಲಿ ಹಿಂದೆ ವಿಸ್ತಾರವಾಗಿದ್ದ ಆಲೂಗಡ್ಡೆಯ ಬೆಳೆಯು ಕುಗ್ಗಿ, ಮೆಕ್ಕೆಜೋಳವೂ ಶುಂಠಿಯೂ ಆ ಹೊಲಗಳಲ್ಲಿ ಬಂದಿರುವುದಕ್ಕೆ ಅಂಗಮಾರಿಯು ಒಂದು ಮುಖ್ಯ ಕಾರಣ. ಬೆಳೆ ಬದಲಿಸಿದವರೂ ಹೊಸ ಬೆಳೆಗೆ ಇದೇ ಎಣಿಕೆಯನ್ನು ಮಾಡಿ ನೋಡುವುದು ಕ್ಷೇಮ.

ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಿಗೆ ಒಂದು ವಿಶೇಷವುಂಟು. ಸಸಿ ನೆಟ್ಟು ಫಲ ಬರುವವರೆಗಿನ ವರ್ಷಗಳ ಖರ್ಚನ್ನು ಆಯಾ ವರ್ಷದ ನಷ್ಟವೆಂದು ಬರೆಯದೆ, ತೋಟದ ಖಾತೆಗೆ ಬಂಡವಾಳವಾಗಿ ಸೇರಿಸಿಕೊಂಡು ಬಂದು, ಫಲ ಕೊಡುವ ವರ್ಷಗಳಿಗೆ ಹಂಚಬೇಕು. ಹೇಮಾವತಿಯ ನಾಲೆಗಳ ಕೆಳಗೆ ಭತ್ತ ಬೆಳೆಯುವ ಹೊಳೆನರಸೀಪುರದ ಜಮೀನುದಾರರಿಗೆ ಇಂಥ ತೊಡಕಿಲ್ಲ. ಪ್ರತಿ ಬೆಳೆಯನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಸಾಕು.

ಗ್ರಾಮ ಮುಖಂಡರಿಗೆ

ಲೆಕ್ಕವನ್ನು ಬಲ್ಲ ಮುಖಂಡನಿಂದ ಊರಿಗೆ ಎರಡು ಬಗೆಯ ಉಪಕಾರವಾಗುತ್ತದೆ. ಒಟ್ಟು ಕುಟುಂಬಗಳು ಪಾಲಾಗುವಾಗ, ಯಾವ ಸಾಲವು ಬೇಸಾಯಕ್ಕೆ ಬಂದಿತು, ಯಾವುದು ಒಬ್ಬನ ಸ್ವಂತಕ್ಕೆ ಹೋಯಿತು ಎಂಬ ಜಗಳವೇ ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲಿಗೆ ಒಯ್ಯುತ್ತದೆ. ಯಜಮಾನನು ವರ್ಷ ವರ್ಷವೂ ಪುಸ್ತಕವನ್ನು ಮುಗಿಸಿ ಎಲ್ಲರಿಗೂ ಓದಿ ಹೇಳಿದ್ದ ಮನೆಯಲ್ಲಿ ಆ ಜಗಳಕ್ಕೆ ಎಡೆಯಿರುವುದಿಲ್ಲ. ಎರಡನೆಯದಾಗಿ, ಪತ್ತಿನ ಸಂಘ ಮತ್ತು ಹಾಲಿನ ಸಂಘಗಳು ತಮ್ಮ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸುವ ಅಢಾವೆ ಪತ್ರಿಕೆಯೂ ಮೇಲೆ ಬರೆದ ಪಟ್ಟಿಯ ಜಾತಿಯದೇ. ಗದಗಿನ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘವು ಹುಟ್ಟಿದಂದಿನಿಂದ ಸದಸ್ಯರ ಎಚ್ಚರಿಕೆಯೇ ಇಂಥ ಸಂಸ್ಥೆಗಳ ಬೇಲಿಯಾಗಿದೆ. ವಸೂಲಾಗಬೇಕಾದ ಸಾಲ ಎಷ್ಟು, ಅದರಲ್ಲಿ ವಾಯಿದೆ ಮೀರಿದ್ದು ಎಷ್ಟು, ಲಾಭವು ನಗದಾಗಿ ಇದೆಯೆ ಅಥವಾ ಬಾಕಿಯ ರೂಪದಲ್ಲಿ ಮಾತ್ರ ಇದೆಯೆ ಎಂದು ಸಭೆಯಲ್ಲಿ ಒಬ್ಬ ಸದಸ್ಯನು ಕೇಳಿದರೂ ಆಡಳಿತವು ಎಚ್ಚರವಾಗಿರುತ್ತದೆ. ಅರ್ಥವಾಗದೆ ಕೈಯೆತ್ತಿ ಒಪ್ಪಿಗೆ ಕೊಡುವ ಸಭೆಯು ತನ್ನ ಹಣದ ಕಾವಲನ್ನು ತಾನೇ ಬಿಟ್ಟಂತೆ.

ಇದಕ್ಕೆ ಬೇಕಾದುದು ಎರಡು ಪುಸ್ತಕಗಳು, ಒಂದು ರೋಕಡ, ಒಂದು ಖಾತೆ. ದಿನಕ್ಕೆ ಹತ್ತು ನಿಮಿಷ. ರಸೀತಿಗಳನ್ನು ಪೋಣಿಸಿಡಲು ಒಂದು ತಂತಿ. ಅಂದಿನ ವ್ಯವಹಾರವನ್ನು ಅಂದೇ ಬರೆಯತಕ್ಕದ್ದು. ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಬರೆಯಿಸಿದರೆ ಮಕ್ಕಳಿಗೂ ಮನೆಯ ಸ್ಥಿತಿ ತಿಳಿದಂತಾಗುತ್ತದೆ.

ಅಭ್ಯಾಸಕ್ಕಾಗಿ ಮೂರು ಸಮಸ್ಯೆಗಳು

1. ಒಬ್ಬನು ರಾಗಿಯ ಹೊಲಕ್ಕೆ ರೂ. 3,000ದ ಗೊಬ್ಬರವನ್ನು ತಂದು, ರೂ. 1,000ವನ್ನು ಕೂಡಲೇ ಕೊಟ್ಟನು. ಯಾವ ಪುಸ್ತಕದಲ್ಲಿ ಎಷ್ಟೆಷ್ಟು ಬರೆಯಬೇಕು?

2. ಮತ್ತೊಬ್ಬನು ಸ್ವಂತ ಹಣ ರೂ. 40,000, ಬ್ಯಾಂಕಿನ ಸಾಲ ರೂ. 50,000 ಸೇರಿಸಿ ರೂ. 90,000ಕ್ಕೆ ಎತ್ತುಗಳನ್ನು ಕೊಂಡನು. ಅವನ ಬಂಡವಾಳ ಎಷ್ಟು ಹೆಚ್ಚಿತು?

3. ಮೇ ತಿಂಗಳಲ್ಲಿ ಕೀಳಬೇಕಾದ ತೆಂಗಿನ ಕಾಯಿಗೆ ವರ್ತಕನು ಮಾರ್ಚ್ ತಿಂಗಳಲ್ಲಿಯೇ ರೂ. 20,000 ಮುಂಗಡ ಕೊಟ್ಟನು. ಮಾರ್ಚ್ 31ರ ಲೆಕ್ಕದಲ್ಲಿ ಅದು ಲಾಭಕ್ಕೆ ಸೇರುತ್ತದೆಯೆ?

ಉತ್ತರಗಳು: (1) ರಾಗಿಯ ಖಾತೆಗೆ ಖರ್ಚು ರೂ. 3,000, ರೋಕಡದಲ್ಲಿ ಖರ್ಚು ರೂ. 1,000, ಅಂಗಡಿಯ ಖಾತೆಗೆ ಜಮೆ ರೂ. 2,000. (2) ಏನೂ ಹೆಚ್ಚಲಿಲ್ಲ; ಆಸ್ತಿಯಲ್ಲಿ ಎತ್ತು ರೂ. 90,000 ಸೇರಿ ನಗದು ರೂ. 40,000 ಕಳೆಯಿತು, ಹೊಣೆ ರೂ. 50,000 ಏರಿತು. (3) ಸೇರುವುದಿಲ್ಲ, ನಗದು ರೂ. 20,000 ಹೆಚ್ಚಿದರೂ ಕಾಯಿಯನ್ನು ಕೊಡುವವರೆಗೆ ಅದು ವರ್ತಕನಿಗೆ ಸಲ್ಲಬೇಕಾದ ಹೊಣೆ.